ಶನಿವಾರ, ಮಳೆ ಇಲ್ಲದಿದ್ದರೆ

ಶನಿವಾರ ಹೋಗುವುದು ಎಂದಾಯಿತು,
ಮಳೆ ಇಲ್ಲದಿದ್ದರೆ. ಕಾರ್ಡಿಫ್‌ನಲ್ಲಿ ಈ ಮಾತಿಗೆ
ಯಾರೂ ನಗದೆ ಇರುವುದಿಲ್ಲ.

ನನ್ನ ನೈಟ್ ಡ್ಯೂಟಿ ಮುಗಿಯುವುದು ಏಳೂವರೆಗೆ.
ಎರಡು ಗಂಟೆ ನಿದ್ದೆ, ಒಂದು ಲೋಟ ಕಾಫಿ,
ಹತ್ತೂಕಾಲರ ಬಸ್ಸು.
ಫೋನ್ ಮಾಡಿ ವೀಲ್‌ಚೇರ್ ಕಾದಿರಿಸಿದ್ದೇನೆ,
ಎಲೂನೆಡ್‌ಗೆ ಹೇಳಿಲ್ಲ. ಹೇಳಿದರೆ ಬರುವುದಿಲ್ಲ.
ಎಂಬತ್ತೇಳಾದರೂ ಆಕೆಗೆ ಮೊಣಕಾಲು ನೋಯುವುದು
ಬೇರೆಯವರು ನೆನಪಿಸಿದಾಗ ಮಾತ್ರ.

ಪಕ್ಕದ ಮನೆ, ನಡುವೆ ಒಂದೇ ಇಟ್ಟಿಗೆ ಗೋಡೆ.
ನಾನು ಒಗ್ಗರಣೆ ಹಾಕಿದರೆ ಅತ್ತ ಸೀನು,
ಆಕೆ ಭಾನುವಾರ ಹಾಡಿದರೆ ಇತ್ತ ನನ್ನ ನಿದ್ದೆ ಹಾಳು.
ಹನ್ನೊಂದು ವರ್ಷದ ಸ್ನೇಹಕ್ಕೆ ಇಷ್ಟು ಸಾಕು.

ಆ ಬಯಲು ಮ್ಯೂಸಿಯಂನಲ್ಲಿ ಮನೆಗಳನ್ನು
ಸಸಿ ಕಿತ್ತು ನೆಟ್ಟ ಹಾಗೆ ನೆಟ್ಟಿದ್ದಾರೆ:
ಎಲ್ಲಿಂದಲೋ ಒಂದು ಕುಲುಮೆ, ಹಂದಿಗೂಡು, ಪ್ರಾರ್ಥನೆಯ ಮನೆ,
ಮತ್ತೆ ಹುಲ್ಲಿನಾಚೆ, ಇಳಿಜಾರಿನಲ್ಲಿ,
ಗಣಿಕೆಲಸದವರ ಸಾಲುಮನೆ ನಾಲ್ಕು.
ಎರಡನೆಯದರಲ್ಲಿ ಆಕೆ ಹುಟ್ಟಿದ್ದು.

ಒಂದೊಂದು ಕಲ್ಲಿಗೂ ಸುಣ್ಣದಲ್ಲಿ ನಂಬರು ಬರೆದು
ಲಾರಿಯಲ್ಲಿ ತಂದರಂತೆ. ರಸ್ತೆಯಂಚಿಗೆ ನಿಂತು ನೋಡಿದಳಂತೆ.
'ಅಮ್ಮನ ಅಡುಗೆಮನೆ ನಾನೂರ ಹನ್ನೆರಡರಿಂದ
ಆರುನೂರರ ತನಕ.' ಆಮೇಲೆ ಒಮ್ಮೆಯೂ ಹೋಗಿಲ್ಲ.
ನನ್ನ ಮನೆಗೆ ನಾನೇ ಕ್ಯೂ ನಿಲ್ಲಬೇಕೆ?

ಈಗ ಹೋಗೋಣ ಅಂದವಳೂ ಆಕೆಯೇ.
ಯಾಕೆ ಎಂದು ಕೇಳಲಿಲ್ಲ. ವಾರ್ಡಿನಲ್ಲಿ ಕಲಿತದ್ದು ಅದು:
ಬೆಳಗಿನ ಜಾವ ಬೇಡಿದ್ದನ್ನು ಕೊಡು,
ಕಾರಣ ಹಗಲಾದ ಮೇಲೆ ಬರುತ್ತದೆ.

ನಿನ್ನೆ ಸಂಜೆ ನಕಾಶೆ ಹರಡಿದೆವು ಅಡುಗೆ ಮೇಜಿನ ಮೇಲೆ.
ನಾನು ನೋಡಿದ್ದು ಶೌಚಾಲಯ, ರ‍್ಯಾಂಪು, ಎಲ್ಲಿ ಬೆಂಚು.
ಆಕೆ ನೋಡಿದ್ದು ಒಂದೇ, ಬಾಗಿಲು ಯಾವ ದಿಕ್ಕಿಗೆ.
'ತಪ್ಪು ಇಟ್ಟಿದ್ದಾರೆ. ನಮ್ಮದು ಪೂರ್ವಕ್ಕಿತ್ತು.
ಅಪ್ಪ ರಾತ್ರಿಪಾಳಿ ಮುಗಿಸಿ ಬಂದರೆ
ಬಿಸಿಲೂ ಹಿಂದೆಯೇ ಒಳಗೆ ಬರುತ್ತಿತ್ತು.'

ಮೆಟ್ಟಿಲಲ್ಲಿ ಮೂರನೆಯದು ಕಿರುಗುಟ್ಟಬೇಕು.
ಇಲ್ಲವಾದರೆ ಕಲ್ಲು ಮಾತ್ರ ನಮ್ಮದು, ಮನೆ ಅಲ್ಲ.
ಒಲೆಯ ಮುಂದೆ ಹಗ್ಗ ಕಟ್ಟಿರುತ್ತಾರೆ, ಹಗ್ಗದಾಚೆ ಕುರ್ಚಿ,
ಕೂರಬಾರದು. 'ಕೂರುತ್ತೇನೆ' ಎಂದಳು,
ಟೀಗೆ ಸಕ್ಕರೆ ಬೇಡ ಎಂದ ಹಾಗೆ.
ಆ ಹೊತ್ತಿಗೆ ಕಾವಲಿನವನನ್ನು ಮಾತಿಗೆಳೆಯುವ ಕೆಲಸ ನನ್ನದು.
ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ:
ಗೋಡೆಯ ಸುಣ್ಣ ಎಲ್ಲಿಯದು, ಹಂದಿಗೆ ಹೆಸರಿತ್ತೆ.
ನನ್ನ ಹೆಸರು ಹೇಳಿದರೂ ಸಾಕೇನೋ, ವೇದಾವತಿ,
ಅವನು ಅದನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ
ಆಕೆ ಒಂದು ನಿದ್ದೆ ತೆಗೆದಿರುತ್ತಾಳೆ.

ನಮ್ಮದೂ ಲೈನ್ ಮನೆಯೇ, ಕೋಲಾರದ ಚಿನ್ನದ ಗಣಿಯಲ್ಲಿ.
ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು.
ಗಾಳಿ ಬೀಸಿದರೆ ಸೈನೈಡ್ ದಿಬ್ಬದ ಧೂಳು
ಮುದ್ದೆಯ ಮೇಲೆ ಬೆಳ್ಳಗೆ ಕೂರುತ್ತಿತ್ತು.
ಅದಕ್ಕೆ ಯಾರೂ ನಂಬರು ಬರೆಯಲಿಲ್ಲ.
ಬರೆದರೂ ಏನಂತ? ಬಿದಿರ ತಟ್ಟಿ ಒಂದು, ತಗಡು ಎರಡು.
ಎಲೂನೆಡ್‌ಗೆ ಹೇಳಿದೆ. ತುಸು ಯೋಚಿಸಿ
'ತಗಡೂ ಕಿರುಗುಟ್ಟುತ್ತದಲ್ಲ' ಎಂದಳು.

ನಾನು ಏಳುವ ಹೊತ್ತಿಗೆ ಬಿಸ್ಕೆಟ್ ಡಬ್ಬಿ ತೆಗೆದಳು.
ಗುಂಡಿ, ರಬ್ಬರ್ ಬ್ಯಾಂಡು, ಯಾರದೋ ಹಾಲುಹಲ್ಲು,
ತಳದಲ್ಲಿ ಕಪ್ಪಾದ ಒಂದು ಬೀಗದ ಕೈ.
'ಕಲ್ಲೆಲ್ಲ ಎಣಿಸಿದರು. ಇದನ್ನು ಯಾರೂ ಕೇಳಲಿಲ್ಲ.'

ಕೊಟ್ಟುಬಿಡುತ್ತೀರಾ ಅವರಿಗೆ? 'ಇಲ್ಲ.'
ಬಾಗಿಲು ತೆಗೆದು ನೋಡುವುದಕ್ಕಾ?
'ತೆಗೆದೇ ಇರುತ್ತದಲ್ಲ ಹುಡುಗಿ, ಹತ್ತರಿಂದ ಐದು.'

ಬಿಟ್ಟು ಹೊರಟ ದಿನ ಅಮ್ಮ ಬೀಗ ಹಾಕಹೋದಳಂತೆ,
ಅಪ್ಪ ನಕ್ಕನಂತೆ, ಕೆಡವುವ ಮನೆಗೆ ಬೀಗವೇ ಎಂದು.
ಅಮ್ಮ ಕೈ ತಿರುಗಿಸಲೇ ಇಲ್ಲ.
ಸಾಯುವ ವಾರವೂ ಕೇಳುತ್ತಿದ್ದಳಂತೆ,
ಬಾಗಿಲು ಹಾಕಿದೆಯಾ, ಎಲೂನೆಡ್, ಬಾಗಿಲು ಹಾಕಿದೆಯಾ.

ಹಾಗಾಗಿ ಪಟ್ಟಿ ತಿದ್ದಿದ್ದೇನೆ.
ಬಸ್ಸು ಹತ್ತೂಕಾಲರದಲ್ಲ, ಮಧ್ಯಾಹ್ನದ್ದು.
ಕೊನೆಯ ಜನ ಹೊರಡುವ ತನಕ ಅಲ್ಲೇ ಇರುವುದು.
ಪ್ರಶ್ನೆ ಸಾಲದು, ಇನ್ನೂ ನಾಲ್ಕೈದು ಬೇಕು.
ಫ್ಲಾಸ್ಕು, ಚಿತ್ರಾನ್ನ, ಕೊಡೆ ಎರಡು,
ಬೀಗ ಜಡ್ಡುಗಟ್ಟಿದ್ದರೆ ಇರಲಿ ಎಂದು
ಸಣ್ಣ ಸೀಸೆಯಲ್ಲಿ ಕೊಬ್ಬರಿ ಎಣ್ಣೆ.